ಮೂರನೆಯ ಮುತ್ತು ನನ್ನದು

ಇವತ್ತು ನನ್ನ ಹೆಂಡತಿಯ ಕಣ್ಣು ತೆರೆಸದೆ ಬಿಡುವುದಿಲ್ಲ ಎಂದು ಪಣ ತೊಟ್ಟೆ! ಕ್ಲೀವ್‌ಲೆಂಡಿನ ಹೆಂಗಸರೆಲ್ಲ ಮಧ್ಯಾಹ್ನ ಮೂರಕ್ಕೆ ಕೆಲಸ ಬಿಟ್ಟು ರೇಡಿಯೋ ಮುಂದೆ ಕೂರುವುದು ಯಾರಿಗಾಗಿ? ಗಾಯಕ ವೆಂಡೆಲ್ ಕ್ರೇನನಿಗಾಗಿ. ನಾಟಕದಲ್ಲಿ ಅವನು ದಿನಾ ಒಂದು ಹಾಡು ಹಾಡಿ, ನಾಯಕಿಗೆ ಒಂದು ಮುತ್ತು ಕೊಡುತ್ತಾನೆ. ಹಾಡೇನೋ ಅವನದೇ. ಮುತ್ತು? ಅದು ನನ್ನದು. ಸ್ಟೇಷನ್ನಿನಲ್ಲಿ ಸದ್ದು ಮಾಡುವವನು ನಾನು. ತೆಂಗಿನ ಚಿಪ್ಪಿನಲ್ಲಿ ಕುದುರೆ ಓಡಿಸುತ್ತೇನೆ, ತಗಡಿನಲ್ಲಿ ಗುಡುಗುತ್ತೇನೆ, ಅಂಗಿಯ ತೋಳು ಮಡಚಿ ನನ್ನ ಮುಂಗೈಗೆ ನಾನೇ ಲೊಚಕ್ಕನೆ ಮುತ್ತಿಡುತ್ತೇನೆ. ಊರಿಗೆಲ್ಲ ಮುತ್ತು ಪೋಣಿಸಿ ಕೊಡುವ ಅಕ್ಕಸಾಲಿ!

ನನ್ನ ಲುಯೆಲ್ಲಾ ಮಾತ್ರ ವೆಂಡೆಲ್‌ನ ಫೋಟೋವನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟಿದ್ದಳು. ಕಾಫಿ ಕುಡಿಯುವಾಗೆಲ್ಲ ಅವನ ಹಲ್ಲು ನೋಡಬೇಕು. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

"ಆ ಮುತ್ತು ಕೊಡೋನು ನಾನು ಕಣೇ," ಎಂದೆ.

"ನೀನಾ? ಕುದುರೆ ನಿಂದು ಅಂದ್ರೆ ನಂಬ್ತೀನಪ್ಪ."

"ಇವತ್ತು ಕೇಳು. ಒಂದಲ್ಲ, ಮೂರು ಕೊಡ್ತೀನಿ. ಮೂರನೇದು ನಿಂಗೆ."

"ಸಾಕು ಸುಮ್ನಿರು ಆರ್ವಿಲ್, ಮೊಟ್ಟೆ ಸೀದುಹೋಗತ್ತೆ."

ಮೂರು ಗಂಟೆಗೆ ಸ್ಟುಡಿಯೋದ ಕೆಂಪು ದೀಪ ಹತ್ತಿತು. ಅದು ಹತ್ತಿದರೆ ಮುಗಿಯಿತು, ಕೆಮ್ಮಿದರೂ ಊರಿಗೇ ಕೇಳುತ್ತದೆ. ವೆಂಡೆಲ್ ಹಾಡು ಮುಗಿಸಿದ. ಒಂದು ಮುತ್ತು ಕೊಟ್ಟೆ. ಎರಡು. ವೆಂಡೆಲ್ ಮಾತು ಬರೆದ ಕಾಗದದಿಂದ ತಲೆಯೆತ್ತಿ ನನ್ನನ್ನು ದುರುಗುಟ್ಟಿ ನೋಡಿದ. ನಾಯಕಿ ಐರ್ಮಾ ಗಾಬರಿಯಾಗಿ, "ಅಯ್ಯೋ, ಸಾಕು ಬಿಡಿ," ಎಂದು ಕಾಗದದಲ್ಲಿಲ್ಲದ ಮಾತಾಡಿದಳು. ನಾನು ಬಿಟ್ಟೇನೆಯೇ? ಲುಯೆಲ್ಲಾಳನ್ನು ನೆನೆದು, ಕಣ್ಣು ಮುಚ್ಚಿ, ಉಸಿರು ಕಟ್ಟಿ ಮೂರನೆಯದನ್ನು ಎಳೆದೆ, ಎಳೆದೆ, ಎಳೆಯುತ್ತಲೇ ಇದ್ದೆ.

ಅಷ್ಟರಲ್ಲಿ ನಾನು ಬಾಗಿಲು ಬಡಿಯುವ ಸದ್ದು ಮಾಡಬೇಕಿತ್ತು. ನಾಯಕಿಯ ಅಪ್ಪ ಬರುವ ಹೊತ್ತು. ನನ್ನನ್ನು ಕಾದು ಸಾಕಾಗಿ ಅಪ್ಪ ಬಾಗಿಲಿಲ್ಲದೆಯೇ ಒಳಗೆ ಬಂದು, "ಎಲ್ಲಿ, ಕೈ ಕೊಡಪ್ಪ ಅಳಿಯಾ," ಎಂದ. ಸರಿಯಾಗಿ ಆಗಲೇ ಲೊಚಕ್! ಮುತ್ತು ಮಾವನಿಗೆ ಬಿತ್ತು.

ವಾದ್ಯದವರು ಬಾಯಿಗೆ ಕರವಸ್ತ್ರ ತುರುಕಿಕೊಂಡರು. ದೀಪ ಆರಿದ್ದೇ ಮ್ಯಾನೇಜರ್ ಬಂದ. ಕೆಲಸ ಹೋಯಿತು ಎಂದುಕೊಂಡೆ.

"ನಾಟಕಕ್ಕೆ ದುಡ್ಡು ಹಾಕೋ ಸೋಪಿನ ಕಂಪನಿಯವ್ರು ಫೋನ್ ಮಾಡಿದ್ರು," ಎಂದ. "ಆ ಉದ್ದದ್ದು ಬೇಕು ಅಂತ ಹೆಂಗಸ್ರು ಪ್ರಾಣ ತಿಂತಿದಾರಂತೆ. ನಾಳೆಯಿಂದ ದಿನಾ ಹಾಕು. ಮಾವನ್ನ ಮಾತ್ರ ಬಿಟ್ಬಿಡು."

ಟ್ರಾಮಿಗೂ ಕಾಯದೆ ಮನೆಗೆ ಓಡಿದೆ. ಲುಯೆಲ್ಲಾ ಅಡುಗೆಮನೆಯಲ್ಲಿ ಕೈಕಟ್ಟಿ ಕೂತಿದ್ದಳು.

"ಮೂರನೇದು ಕೇಳಿದ್ಯಾ?"

"ಕೇಳ್ದೆ. ಮೈ ಜುಮ್ಮಂತು."

"ನಂದೇ ಅಂತ ಈಗ್ಲಾದ್ರೂ ನಂಬಿದ್ಯಾ?"

"ನಂಬ್ದೆ," ಎಂದಳು. ಅವಳ ಕಣ್ಣು ಒದ್ದೆಯಾಗಿತ್ತು. "ಇಷ್ಟು ದಿನ ನಿಂಗೆ ಬರೋದೇ ಅಷ್ಟು ಅನ್ಕೊಂಡು ಸುಮ್ನಿದ್ದೆ. ಇಂಥ ಮುತ್ತು ಬರತ್ತೆ, ಆದ್ರೂ ಹನ್ನೊಂದು ವರ್ಷದಿಂದ ಎಲ್ಲಾ ನಿನ್ನ ಕೈಗೇ ಕೊಟ್ಕೊಂಡ್ಯಲ್ಲೋ!"