ಲಾಂಚಿನಲ್ಲಿ ಸೀಟು ಹಿಡಿದ ಪ್ರಸಂಗ

ಶಿಕ್ಷಕರಿಗಾಗಿ ನಡೆದ ಒಂದು ದಿನದ ವಿಪತ್ತು ನಿರ್ವಹಣಾ ತರಬೇತಿಯನ್ನು ನಾನು ಯಶಸ್ವಿಯಾಗಿ ಪೂರೈಸಿದ್ದೇನೆ. ಪ್ರಮಾಣಪತ್ರವಿದೆ. ಲ್ಯಾಮಿನೇಶನ್ ಮಾಡಿಸಿದ್ದೇನೆ, ನೀರಿಗೆ ಬಿದ್ದರೂ ಅದಕ್ಕೇನೂ ಆಗುವುದಿಲ್ಲ!

ಹಾಗಾಗಿ ನಮ್ಮವರ ಅಕ್ಕ, ಶಾರದಕ್ಕನ ಮಗಳ ನಿಶ್ಚಯಕ್ಕೆ ಲಾಂಚಿನಲ್ಲಿ ಹಿನ್ನೀರು ದಾಟಿ ಹೋಗಬೇಕೆಂದಾಗ ನನಗೆ ಭಯವೇ ಆಗಲಿಲ್ಲ. ಭಯವೆಲ್ಲ ನಮ್ಮವರದು. ವಾರಕ್ಕೊಮ್ಮೆ ನಳ ಬರುವ ಹುಬ್ಬಳ್ಳಿಯಲ್ಲಿ ಬೆಳೆದವರು, ಬಕೆಟ್ಟಿಗಿಂತ ಆಳದ ನೀರನ್ನು ನಂಬುವುದಿಲ್ಲ. ಪ್ರತಿ ಪಂಚಮಿಗೆ ಅಕ್ಕನೇ ಬಂದು ಹೋಗುತ್ತಾಳೆ, ಇವರು ಒಮ್ಮೆಯೂ ಆ ದಂಡೆಗೆ ಕಾಲಿಟ್ಟಿಲ್ಲ. ಈ ಸಲ ಅಕ್ಕ ಫೋನಿನಲ್ಲಿ ಅತ್ತೇಬಿಟ್ಟಳು.

"ಸೋದರಮಾವ ಇಲ್ಲದ ಶಾಸ್ತ್ರ ಮಾಡೂದು ಹ್ಯಾಂಗೋ ತಮ್ಮಾ? ನೀ ಬರಲಿಲ್ಲಂದ್ರ ಇನ್ನ ನಾನೂ ನಿಮ್ಮನಿಗೆ ಬರೂದಿಲ್ಲ ನೋಡು!"

ಇವರು ನನ್ನ ಮುಖ ನೋಡಿದರು. "ಲಾಂಚ್ ಮುಳುಗಿದ್ರ?"

"ಹ್ಯಾಂಗ್ ಮುಳಗತೈತ್ರಿ? ನನ್ನ ಹತ್ರ ಸರ್ಟಿಫಿಕೇಟ್ ಐತಿ!"

ದಂಡೆ ತಲುಪಿದಾಗ ಲಾಂಚ್ ಹೊರಡುವುದರಲ್ಲಿತ್ತು. ನಮ್ಮ ಜೊತೆ ಬಂದಿದ್ದ, ಗರಗ ಊರಿನ ನೆಂಟರಾದ ನಾಲ್ಕು ಹಿರಿಯ ಜೀವಗಳು ಟೆಂಪೋದಿಂದ ಒಂದೊಂದೇ ಕಾಲು ಇಳಿಸುತ್ತಿದ್ದವು. ಅವರನ್ನು ಇಳಿಸಿಕೊಳ್ಳಲು ಇವರನ್ನು ಬಿಟ್ಟು ನಾನು ಮುಂದೆ ನುಗ್ಗಿದೆ. ಇಪ್ಪತ್ತು ವರ್ಷ ಹುಬ್ಬಳ್ಳಿ-ಧಾರವಾಡ ಬಸ್ಸಿನಲ್ಲಿ ಸೀಟು ಹಿಡಿದ ಕೈ ಸುಮ್ಮನಿರುತ್ತದೆಯೇ? ಹಾಕಲು ಟವೆಲ್ ಇರಲಿಲ್ಲ. ಬಾಗಿಲ ಬಳಿ ಕಿತ್ತಳೆ ಬಣ್ಣದ ಜಾಕೆಟ್‌ಗಳ ರಾಶಿಯಿತ್ತು. ನಾವು ಆರೇ ಜನ, ಆದರೂ ಎಡಬದಿಯ ಸೀಟುಗಳಿಗೆಲ್ಲ ಒಂದೊಂದು ಹಾಸಿದೆ. ಒಂದನ್ನು ಸರಿಸಿ ಕೂರುವ ಭಂಡರೂ ಇರುತ್ತಾರೆಂದು, ರಾಶಿ ಖಾಲಿಯಾಗುವವರೆಗೆ ಎರಡೆರಡು ಹಾಸಿದೆ!

"ಇಲ್ಲೆ ಮಂದಿ ಬರ್ತಾರ್ರಿ," ಎಂದು ಬಂದವರನ್ನೆಲ್ಲ ಬಲಬದಿಗೆ ಅಟ್ಟಿದೆ. ಪಾಪ, ಮರ್ಯಾದಸ್ಥ ಜನ. ಎಲ್ಲರೂ ಅಲ್ಲೇ ಒತ್ತಿಕೊಂಡು ಕೂತರು. ಲಾಂಚ್ ಮೆಲ್ಲಗೆ ಬಲಕ್ಕೆ ವಾಲಿತು.

ತರಬೇತಿ ನೆನಪಾಯಿತು. ಮೊದಲು ಜನರಿಗೆ ಧೈರ್ಯ ತುಂಬಬೇಕು. ಎದ್ದು ನಿಂತು, ತರಗತಿಯ ಕೊನೆಯ ಬೆಂಚಿಗೂ ಕೇಳುವ ದನಿಯಲ್ಲಿ ಕೂಗಿದೆ: "ಯಾರೂ ಗಾಬರಿ ಆಗಬ್ಯಾಡ್ರಿ!"

ಅಲ್ಲಿಯವರೆಗೆ ಯಾರೂ ಗಾಬರಿಯಾಗಿರಲಿಲ್ಲ. ಈಗ ಎಲ್ಲರೂ ಒಟ್ಟಿಗೆ ಎದ್ದರು. ಲಾಂಚ್ ತೊಟ್ಟಿಲಿನಂತೆ ತೂಗಿತು. ಒಬ್ಬಾಕೆ ಮನೆದೇವರಿಗೆ ಹರಕೆ ಹೊತ್ತಳು. ಲಾಂಚಿಗೆ ಹತ್ತುವ ಹಲಗೆಯ ಮೇಲೆ ಒಂದು ಕಾಲಿಟ್ಟಿದ್ದ ನಮ್ಮವರು ಅದನ್ನೂ ಹಿಂದಕ್ಕೆ ತೆಗೆದುಕೊಂಡು, ದಂಡೆಯ ಬೇವಿನ ಮರ ಸೇರಿಕೊಂಡರು.

ಲಾಂಚ್ ನಡೆಸುವ ಅಜ್ಜ ಒಳಗೆ ಬಂದ. "ಎಲ್ಲಾರೂ ಕುಂದರ್ರಿ. ಜಾಕೆಟ್ ಎಲ್ಲಿ ಅದಾವು?"

ಎಲ್ಲರ ಬೆರಳೂ ನನ್ನತ್ತ ತಿರುಗಿದವು. ಅಜ್ಜ ಬೈಯಲಿಲ್ಲ, ಅದೇ ಕಷ್ಟವಾಯಿತು. ಒಂದೊಂದೇ ಜಾಕೆಟ್ ಎತ್ತಿ ನನ್ನ ಕೈಯಲ್ಲೇ ಹಂಚಿಸಿದ, ಅರ್ಧ ಜನರನ್ನು ಎಡಕ್ಕೆ ಕೂರಿಸಿದ, ಗರಗದವರನ್ನು ಕೈಹಿಡಿದು ಹತ್ತಿಸಿಕೊಂಡ. ಆಮೇಲೆ ತಲೆ ಎಣಿಸಿದ. ಮರದ ಕೆಳಗೆ ನಿಂತ ನಮ್ಮವರೂ ಸೇರಿ ಮೂವತ್ತೊಂದು.

"ಮೂವತ್ತಕ್ಕಷ್ಟ ಪರವಾನಗಿ. ಒಬ್ರು ಇಳೀರಿ."

"ನಾ ನಿಂತು ಬರ್ತೇನ್ರಿ ಅಜ್ಜಾರ! ದಿನಾ ಧಾರವಾಡಕ್ಕ ನಿಂತ ಹೋಗಾಕಿ ನಾನು!"

"ನಿಂತ್ರೂ ತೂಕ ಅಷ್ಟ ಇರತೈತ್ರಿ ಅಕ್ಕಾರ."

ಮತ್ತೆ ಎಲ್ಲರೂ ನನ್ನನ್ನೇ ನೋಡಿದರು. ಇಳಿದೆ. ನಿಜ ಹೇಳುತ್ತೇನೆ, ನಾಚಿಕೆಯಿಂದ ಕಣ್ಣು ತುಂಬಿ ಬಂತು. ಮಾಡಿದ ಎಡವಟ್ಟಿಗಿಂತ, ಇವರು ಇನ್ನು ಹೋಗಲಾರರು, ಅಕ್ಕ-ತಮ್ಮನ ಬಾಂಧವ್ಯ ನನ್ನ ಕೈಯಾರೆ ಮುರಿಯಿತು ಎಂಬ ಸಂಕಟವೇ ಹೆಚ್ಚು. ತಲೆಯೆತ್ತಿ ನೋಡುತ್ತೇನೆ, ನಮ್ಮವರು ನನ್ನನ್ನು ದಾಟಿಕೊಂಡು ಹಲಗೆ ಹತ್ತುತ್ತಿದ್ದಾರೆ! ಜಾಕೆಟ್ ತೊಟ್ಟು, ಪಟ್ಟಿ ಬಿಗಿದು, ಅಜ್ಜ ತೋರಿಸಿದ ಕಡೆ ಕೂತೇಬಿಟ್ಟರು.

ಮುಂದಿನ ಲಾಂಚಿಗೆ ನಾನು ಹೋಗುವಷ್ಟರಲ್ಲಿ ಶಾಸ್ತ್ರ ಮುಗಿದು ಊಟದ ಪಂಕ್ತಿ ಕೂತಿತ್ತು. ಶಾರದಕ್ಕ ಸಂತೋಷಕ್ಕೆ ಕಣ್ಣೊರೆಸಿಕೊಳ್ಳುತ್ತ ತಮ್ಮನಿಗೆ ತಾನೇ ಹೋಳಿಗೆ ಬಡಿಸುತ್ತಿದ್ದಳು.

"ಖರೇ ಹೇಳೋ, ಇಷ್ಟ್ ವರ್ಷ ಇಲ್ಲದ ಧೈರ್ಯ ಇವತ್ತ ಹ್ಯಾಂಗ ಬಂತು?"

ತರಬೇತಿ ಪಡೆದ ಹೆಂಡತಿಯ ಹೆಸರು ಈಗ ಬರುತ್ತದೆಂದು ನಾನು ಸೆರಗು ಸರಿಮಾಡಿಕೊಂಡು ಪಂಕ್ತಿಯ ಮುಂದೆ ಬಂದು ನಿಂತೆ.

ನಮ್ಮವರು ಹೋಳಿಗೆ ಮುರಿಯುತ್ತ ಹೇಳಿದರು: "ಈಕಿ ಇಳದ್ಲು ನೋಡಕ್ಕಾ, ಆವಾಗ ಬಂತು."