ತೇಲಿದ್ದೆಷ್ಟು, ಮುಳುಗಿದ್ದೆಷ್ಟು

ಇಷ್ಟೆಲ್ಲ ರಾಮಾಯಣಕ್ಕೆ ಕಾರಣವಾದದ್ದು ಒಂದೂವರೆ ಮಾರು ಉದ್ದದ ದಾರದ ತುಂಡು.

ನಮ್ಮೂರಿನ ಬೇಕರಿಯ ಎವಾರಿಸ್ತೊ ಒಳ್ಳೆಯ ಮನುಷ್ಯ. ಅವನ ಕೈಗೆ ಸಿಕ್ಕ ಹಿಟ್ಟು ಉಬ್ಬುತ್ತದೆ, ಅವನ ಗಾಳಕ್ಕೆ ಮಾತ್ರ ಮೀನು ಕಚ್ಚುವುದಿಲ್ಲ. ಗಾಳದವರ ಸಂಘದಲ್ಲಿ ಒಂದು ಕಟ್ಟಳೆ ಇದೆ. ನವೆಂಬರಿನಲ್ಲಿ ಹಂಗಾಮು ಶುರುವಾಗುವ ದಿನ, ಸರೋವರದ ನೀರು ಹೊಳೆಯಾಗಿ ಹೊರಬೀಳುವ ಬಾಯಲ್ಲಿ ಎಲ್ಲರೂ ಸೇರಿ ಟ್ರೌಟ್ ಹಿಡಿಯಬೇಕು, ಅಳೆದು ವಾಪಸ್ಸು ನೀರಿಗೆ ಬಿಡಬೇಕು. ಎಲ್ಲರಿಗಿಂತ ದೊಡ್ಡ ಮೀನು ಹಿಡಿದವನಿಗೆ ಊಟದಲ್ಲಿ ಮೊದಲ ಕುರ್ಚಿ. ಏನೂ ಹಿಡಿಯದವನು, ಇಲ್ಲವೇ ಎಲ್ಲರಿಗಿಂತ ಚಿಕ್ಕದು ಹಿಡಿದವನು ನಲವತ್ತು ಜನರ ಪಾತ್ರೆ ತೊಳೆಯಬೇಕು. ಎವಾರಿಸ್ತೊ ಸತತ ಆರು ವರ್ಷದಿಂದ ತೊಳೆಯುತ್ತಿದ್ದ.

ಈ ಸಲ ಹೆಂಡತಿ ನೇಲಿದಾ ತನ್ನ ಮೂವರು ಅಕ್ಕಂದಿರನ್ನು ಕರೆತಂದಿದ್ದಳು. ಅವರ ಮುಂದೆ ಇನ್ನೊಮ್ಮೆ ಜಿಡ್ಡಿನ ಪಾತ್ರೆಗೆ ಕೈ ಹಾಕಿದರೆ ಮಾನ ಹರಾಜಾಯಿತು ಅಂತ ಅವನಿಗೆ ನಿಜಕ್ಕೂ ಅಳುಕಿತ್ತು.

ಅದಕ್ಕೇ ಅವನು ಒಂದು ಉಪಾಯ ಹೂಡಿದ್ದ. ಗಾಳದ ದಾರ ತೇಲಲೇಬೇಕು ಅನ್ನುವುದು ಸಂಘದ ಇನ್ನೊಂದು ಕಟ್ಟಳೆ. ತಳದಲ್ಲಿ ಮಲಗಿದ ಮುದಿ ಟ್ರೌಟುಗಳ ನಿದ್ದೆ ಕೆಡಿಸುವುದು ಮರ್ಯಾದಸ್ಥರ ಲಕ್ಷಣವಲ್ಲ ಅಂತ ಹಿರಿಯರು ಬರೆದಿಟ್ಟಿದ್ದರು. ಎವಾರಿಸ್ತೊ ತೇಲುವ ದಾರವನ್ನೇ ಇಟ್ಟುಕೊಂಡು, ಅದರ ತುದಿಗೆ ಒಂದೂವರೆ ಮಾರಿನ, ತೂಕಕ್ಕೆ ಮುಳುಗುವ ತುಂಡೊಂದನ್ನು ಗಂಟು ಹಾಕಿ, ಆ ತುಂಡಿಗೆ ಗರಿಯಲ್ಲಿ ಕಟ್ಟಿದ ಹುಸಿಮೀನನ್ನು ಬಿಗಿದಿದ್ದ. ದಾರ ಮೇಲೆ, ಹುಸಿಮೀನು ಕೆಳಗೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಕಬ್ಬಿಣದ ಅಂಗಡಿಯ ಬೈಗೋರಿಯಾನ ಹದ್ದಿನ ಕಣ್ಣಿಗೆ ಅದು ಬಿತ್ತು. ಮೋಸ, ಮುಳುಗುತ್ತಿದೆ ಅಂತ ಅವನು ರಂಪ ಎಬ್ಬಿಸಿದ. ಜನ ಮಾಟೆ ಎಲೆಯ ಕಷಾಯ ಕುಡಿಯುವ ಸೋರೆಬುರುಡೆ ಕೆಳಗಿಟ್ಟು ಓಡಿಬಂದರು.

“ನಾಯಿ ದಡದಲ್ಲಿ ನಿಂತು ಬಾಲ ನೀರಿಗೆ ಬಿಟ್ರೆ, ನಾಯಿ ಈಜ್ತಾ ಇದೆ ಅಂತೀಯೇನೋ?” ಅಂತ ಎವಾರಿಸ್ತೊ ಕೇಳಿದ.

ಅರ್ಧ ಗಂಟೆ ನಾಯಿಯ ಮೇಲೆ ಚರ್ಚೆ ನಡೆಯಿತು. ಕೊನೆಗೆ ಸಂಘದ ಅಧ್ಯಕ್ಷರಾದ ದೋನ್ ಇಲಾರಿಯೊ ತೀರ್ಪು ಕೊಟ್ಟರು. “ದಾರ ಒಂಚೂರಾದ್ರೂ ನೀರಿನ ಮೇಲೆ ಕಾಣ್ತಿದ್ರೆ ತೇಲೋ ದಾರ. ಪೂರ್ತಿ ಮುಳುಗಿದ್ರೆ ಆ ಮೀನು ಲೆಕ್ಕಕ್ಕಿಲ್ಲ.”

ತೀರ್ಪು ಸಿಕ್ಕಿತು, ಆದರೆ ತೂಕದ ತುದಿ ಎವಾರಿಸ್ತೊನ ಮಾತು ಕೇಳಬೇಕಲ್ಲ. ಬೆಟ್ಟದ ಕಡೆಯಿಂದ ಗಾಳಿ ಬೇರೆ ಬೀಸುತ್ತಿತ್ತು. ಅವನ ಗಾಳದ ಮೊದಲ ಬೀಸಿಗೆ ಕೊಕ್ಕೆಗೆ ಸಿಕ್ಕ ಅಧ್ಯಕ್ಷರ ಟೋಪಿ ಹಾರಿ ಹೊಳೆಯ ಪಾಲಾಯಿತು. ಎರಡನೆಯದಕ್ಕೆ ಬೈಗೋರಿಯಾ ಹೊದ್ದಿದ್ದ ಕಂಬಳಿ ಸಿಕ್ಕಿತು, ಅವನೂ ಅದರ ಜೊತೆ ನಾಲ್ಕು ಹೆಜ್ಜೆ ಬಂದ. ಮೂರನೆಯದು ನೇಲಿದಾಳ ದೊಡ್ಡಕ್ಕನ ಕೈಯಲ್ಲಿದ್ದ ಕರಿದ ರೊಟ್ಟಿಯನ್ನು ಎತ್ತಿಕೊಂಡು ಹೋಯಿತು. ಮುಳುಗಿದ ತುದಿಯನ್ನು ಮೊದಲು ಮೇಲಕ್ಕೆ ತಂದುಕೋ, ಆಮೇಲೆ ನಿಧಾನ ಬೀಸು ಅಂತ ಒಬ್ಬ. ಜೋರಾಗಿ ಬೀಸು ಅಂತ ಇನ್ನೊಬ್ಬ. ಬೀಸಲೇಬೇಡ ಅಂತ ಉಳಿದವರು. ಕೊನೆಗೆ ಎಲ್ಲರೂ ಸೇರಿ ಅವನನ್ನು ವಿಲೋ ಮರಗಳ ಆಚೆಯ ತಿರುವಿಗೆ ಅಟ್ಟಿದರು.

ಅಲ್ಲಿ ಬೈಯುವವರಿಲ್ಲ, ಬುದ್ಧಿ ಹೇಳುವವರಿಲ್ಲ. ಅವನು ತುದಿಯನ್ನು ಮೇಲೆ ತಂದು, ನಿಧಾನ ಬೀಸಿ, ಮುಳುಗಲಿ ಅಂತ ಹತ್ತರವರೆಗೆ ಎಣಿಸಿ, ತುಸುತುಸುವೇ ಎಳೆದ. ಮೂರನೇ ಎಳೆತಕ್ಕೆ ಹೊಳೆಯೇ ತಿರುಗಿ ಎಳೆದಂತಾಯಿತು. ಅವನ ಕೂಗು ಕೇಳಿ ಜನ ಬರುವಷ್ಟರಲ್ಲಿ ಮೀನು ಕೈಬಲೆಯಲ್ಲಿತ್ತು. ಎಪ್ಪತ್ತನಾಲ್ಕು ಸೆಂಟಿಮೀಟರ್. ದೋನ್ ಇಲಾರಿಯೊ ಎರಡು ಸಲ ಅಳೆದು, ಮೀನನ್ನು ನೀರಿಗೆ ಬಿಟ್ಟು, ಟೋಪಿ ಹೋದ ದುಃಖ ಮರೆತು ಅವನನ್ನು ತಬ್ಬಿಕೊಂಡರು. ನೇಲಿದಾ ಅಕ್ಕಂದಿರ ಕಡೆ ನೋಡಿದ ನೋಟ ನೀವು ನೋಡಬೇಕಿತ್ತು.

ಬೆಂಕಿಯ ಮುಂದೆ ಬೆಂದ ಕುರಿಮರಿಯ ಮೊದಲ ತುಂಡು ಎವಾರಿಸ್ತೊನ ತಟ್ಟೆಗೆ ಬಿತ್ತು. ಅಂದು ಗೇಣುದ್ದದ ಮೀನು ಹಿಡಿದು ಎಲ್ಲರಿಗಿಂತ ಹಿಂದೆ ಬಿದ್ದವನು ಬೈಗೋರಿಯಾ. ಅವನು ತಾನೇ ಬಂದು ಪಕ್ಕದಲ್ಲಿ ಕೂತು, ಎವಾರಿಸ್ತೊನ ಲೋಟಕ್ಕೆ ವೈನು ತುಂಬಿ, ಕತೆ ಸರಿಯಾಗಿ ಹೇಳು ಮಾರಾಯ ಅಂದ. ಎವಾರಿಸ್ತೊ ಎದ್ದು ನಿಂತ. ಆರು ವರ್ಷದಿಂದ ಗಂಟಲಲ್ಲಿದ್ದ ಕತೆ ಅದು.

“ಒಂದೇ ಎಳೆತ. ದಾರ ಎಲ್ಲಾ ಒಳಗೆ.”

“ಎಲ್ಲಾನಾ?” ಅಂದ ಬೈಗೋರಿಯಾ, ಇನ್ನಷ್ಟು ಸುರಿಯುತ್ತ.

“ಎಲ್ಲಾ ಅಂದ್ರೆ ಎಲ್ಲಾ. ಕೋಲಿನ ತುದೀನೂ ಮುಳುಗ್ತು.”

ದೋನ್ ಇಲಾರಿಯೊ ಚಾಕು ಕೆಳಗಿಟ್ಟರು. “ಯೋಚ್ನೆ ಮಾಡಿ ಹೇಳಪ್ಪ. ಒಂಚೂರಾದ್ರೂ ನೀರಿನ ಮೇಲೆ ಇತ್ತೋ ಇಲ್ವೋ?”

ಮೇಜಿನ ಕೆಳಗೆ ನೇಲಿದಾ ಅವನ ಕಾಲು ತುಳಿದಳು. ಇತ್ತು ಅಂದರೆ ಪಾತ್ರೆ ಬೈಗೋರಿಯಾನದು, ಇಲ್ಲ ಅಂದರೆ ತನ್ನದೇ. ಆದರೆ ನಲವತ್ತು ಜನ ಬಾಯಿ ತೆರೆದು ಕೇಳುತ್ತಿದ್ದರು. ಅಷ್ಟು ದೊಡ್ಡ ಮೀನನ್ನು ಅವರೆದುರು ಚಿಕ್ಕದು ಮಾಡಲು ಅವನಿಗೆ ಮನಸ್ಸೇ ಬರಲಿಲ್ಲ.

“ಬೆರಳಷ್ಟೂ ಇರ್ಲಿಲ್ಲ,” ಅಂದ.

ಜನ ಹೋ ಅಂತ ಚಪ್ಪಾಳೆ ತಟ್ಟಿ, ತಮ್ಮ ತಮ್ಮ ತಟ್ಟೆಗಳನ್ನು ತಂದು ಅವನ ಮುಂದೆ ಪೇರಿಸಿದರು. ಎವಾರಿಸ್ತೊ ಅಂಗಿಯ ತೋಳು ಮೇಲಕ್ಕೆ ಮಡಿಸಿ ಹೊಳೆಯ ಬದಿಗೆ ಕೂತು, ತಟ್ಟೆ ತಂದವರಿಗೆಲ್ಲ ಕತೆ ಹೇಳುತ್ತ ಖುಷಿಯಿಂದ ತಿಕ್ಕತೊಡಗಿದ. ಜನ ಕರಗಿದ ಮೇಲೆ ನೇಲಿದಾ ಒರೆಸುವ ಬಟ್ಟೆ ಹಿಡಿದು ಬಂದು ಪಕ್ಕದಲ್ಲಿ ಕೂತಳು.

“ನನ್ ಹತ್ರಾನಾದ್ರೂ ನಿಜ ಹೇಳು. ಪೂರ್ತಿ ಮುಳುಗಿತ್ತಾ?”

ಅವನು ಸುತ್ತ ನೋಡಿ ದನಿ ತಗ್ಗಿಸಿದ. “ಮೂರು ಮಾರು ಮೇಲೇ ಇತ್ತು ಕಣೆ.”

ನೇಲಿದಾ ಬಟ್ಟೆಯನ್ನು ಅವನ ಹೆಗಲಿಗೆ ಹಾಕಿ ಎದ್ದಳು. “ಹಾಗಾದ್ರೆ ಒರೆಸೋದೂ ನೀನೇ,” ಅಂತ ಹೇಳಿ, ಅಕ್ಕಂದಿರ ಹತ್ತಿರ ಹೋಗಿ ಕೂತಳು.