ಐನೂರ ನಲವತ್ತಮೂರನೇ ನಂಬರಿನ ಭಾವ

ನೀವು ನಂಬುವುದಿಲ್ಲ, ಬೇಕಾದರೆ ಪಂಥ ಕಟ್ಟುತ್ತೇನೆ! ಇಡೀ ಊರಿನ ಹೊಟ್ಟೆಗಳನ್ನು ನಂಬರಿನಲ್ಲೇ ಬಲ್ಲ ಒಬ್ಬರು ಮಂಗಳೂರು ಫಳ್ನೀರಿನ ಆಸ್ಪತ್ರೆಯೊಂದರಲ್ಲಿದ್ದರು. ಜನರ ಹೆಸರು ಮಾತ್ರ ಅವರಿಗೆ ನೆನಪಿರುತ್ತಿರಲಿಲ್ಲ. ಮದುವೆ ಮನೆಯಲ್ಲಿ ಯಾರಾದರೂ ಕೈಮುಗಿದರೆ, "ಓ, ಐನೂರ ನಲವತ್ತು! ಹುಣ್ಣು ಹೇಗುಂಟು?" ಎನ್ನುವ ಜಾತಿ. ಅವರು ನನ್ನ ಅಕ್ಕನ ಗಂಡ. ನಾನು ಅದೇ ಆಸ್ಪತ್ರೆಯ ಕಂಪೌಂಡರ್. ಇಸವಿ ಸಾವಿರದ ಒಂಬೈನೂರ ಅರುವತ್ತರ ಆಸುಪಾಸಿನ ಮಾತು.

ಭಾವನ ಕೆಲಸ ರೆಕಾರ್ಡ್ ರೂಮಿನಲ್ಲಿ. ಮನೆಗೆ ಹೋದ ರೋಗಿಯ ಚೀಟಿ ಓದಿ, ದಪ್ಪ ಪುಸ್ತಕದಲ್ಲಿ ರೋಗದ ನಂಬರು ಹುಡುಕಿ ಬರೆಯುವುದು. ಹೊಟ್ಟೆಯ ಒಳಪೊರೆ ಊದಿಕೊಂಡರೆ, ಅಂದರೆ ಗ್ಯಾಸ್ಟ್ರೈಟಿಸ್ ಆದರೆ, ಐನೂರ ನಲವತ್ತಮೂರು. ಬರೀ ಅಜೀರ್ಣಕ್ಕೆ ಐನೂರ ನಲವತ್ತನಾಲ್ಕು. ಆದರೆ ಮಂಗಳೂರಿನಲ್ಲಿ ಎದೆಯಿಂದ ಸೊಂಟದವರೆಗೆ ಎಲ್ಲಿ ನೊಂದರೂ 'ಗ್ಯಾಸ್' ಅಲ್ಲವೇ? ಡಾಕ್ಟರೂ ಹಾಗೇ ಬರೆದುಬಿಟ್ಟರೆ ಭಾವ ಚೀಟಿ ಹಿಡಿದು ವಾರ್ಡಿಗೇ ಓಡುವರು.

"ಗ್ಯಾಸ್ ಅಂದ್ರೆ ಎಂತ ಡಾಕ್ಟ್ರೇ? ಗ್ಯಾಸಿಗೆ ನಂಬರ್ ಇಲ್ಲ!"

"ನಿಮಗೆ ಬೇಕಾದ್ದು ಹಾಕಿ ಮಾರಾಯ್ರೆ."

"ನನಗೆ ಬೇಕಾದ ರೋಗ ಅವನಿಗೆ ಕೊಡ್ಲಿಕ್ಕೆ ಆಗ್ತದಾ?"

ಜೆಪ್ಪುವಿನ ಅವರ ಮನೆಯಲ್ಲೂ ಇದೇ ಕತೆ. ಅಕ್ಕ ಬಂಗುಡೆ ಮೀನಿನ ಸಾರು ಬಡಿಸಿ "ಹೇಗುಂಟು?" ಎಂದರೆ, "ಐನೂರ ನಲವತ್ತನಾಲ್ಕು!" ಅಕ್ಕ ಮೂರು ದಿನ ಬರೀ ಗಂಜಿ ಬಡಿಸಿದಳು. "ಇದಕ್ಕೆ ಎಷ್ಟು ಅಂತ ಪುಸ್ತಕ ನೋಡಿ ಹೇಳಿ!"

ಇಂಥವರನ್ನು ಸುಮ್ಮನೆ ಬಿಟ್ಟರೆ ನನ್ನ ಜನ್ಮವೇ ದಂಡ. ಆಸ್ಪತ್ರೆಯ ಪದ್ಧತಿ ಹೀಗಿತ್ತು: ರೋಗದ ಹೆಸರು ಶಾಯಿಯಲ್ಲಿ. ಡಾಕ್ಟರಿಗೆ ಸಂಶಯವಿದ್ದರೆ ಪಕ್ಕದಲ್ಲಿ ಪೆನ್ಸಿಲಿನ ಪ್ರಶ್ನೆ ಗುರುತು. ಎಕ್ಸ್‌ರೇ ತೆಗೆದು ಸಂಶಯ ತೀರುವವರೆಗೆ ಆ ಚೀಟಿಗೆ ನಂಬರಿಲ್ಲ. ಪೆನ್ಸಿಲ್ ನನ್ನ ಕಿವಿಯ ಮೇಲೂ ಇತ್ತಲ್ಲ! ಒಂದು ಶನಿವಾರ ಹನ್ನೊಂದು ಚೀಟಿಗಳಿಗೆ ಗುರುತು ಎಳೆದೆ. ಭಾವ ಹನ್ನೊಂದು ಸಲ ಮಹಡಿ ಹತ್ತಿಳಿದರು. ಸತ್ಯ ತಿಳಿದ ಮೇಲೂ ಬೈಯಲಿಲ್ಲ. "ನಿನಗೆ ಮಾತ್ರ ಈ ಪುಸ್ತಕದಲ್ಲಿ ನಂಬರ್ ಇಲ್ಲ ಮಾರಾಯ" ಎಂದು ಉಜ್ಜಿ ಅಳಿಸಿ, ಚಹಾ ತರಿಸಿದರು. ಆಮೇಲೆ ಅದೊಂದು ರೂಢಿಯೇ ಆಯಿತು: ನನ್ನ ಗುರುತು, ಅವರ ರಬ್ಬರು, ಎರಡು ಚಹಾ.

ಹೀಗಿರುವಾಗ ಭಾವನಿಗೇ ಹೊಟ್ಟೆನೋವು ಬಂತು. ಎರಡು ದಿನ ವಾರ್ಡಿನಲ್ಲಿ ಮಲಗಿ ಎದ್ದರು. ಅವರ ಚೀಟಿ ಅವರದೇ ಮೇಜಿಗೆ ಬಂತು. ಶಾಯಿಯಲ್ಲಿ ಗ್ಯಾಸ್ಟ್ರೈಟಿಸ್, ಪಕ್ಕದಲ್ಲಿ ಪೆನ್ಸಿಲಿನ ಗುರುತು.

"ನನ್ನ ಚೀಟಿಯನ್ನೂ ಬಿಡ್ಲಿಲ್ವಾ ನೀನು?"

"ದೇವರಾಣೆ ಭಾವ, ಇದು ನನ್ನದಲ್ಲ."

"ನಿನ್ನ ಆಣೆ ಎಷ್ಟು ಕೇಳಿದ್ದೇನೆ!" ಎಂದು ಗುರುತನ್ನು ಉಜ್ಜಿ ತೆಗೆದು, ಐನೂರ ನಲವತ್ತಮೂರು ಬರೆದರು.

ಆ ಗುರುತು ಹಾಕಿದ್ದ ಡಾಕ್ಟರು ಅದೇ ವಾರ ಹೆಚ್ಚಿನ ಓದಿಗೆ ಮದ್ರಾಸಿಗೆ ಹೋದರು. ಹೊಸಬರು ಶುಭ್ರವಾದ ಚೀಟಿ ನೋಡಿ ಹೊಟ್ಟೆಯುರಿಯ ಬಿಳಿ ಮದ್ದು ಬರೆದರು. ಎಂಟು ತಿಂಗಳು ಅದನ್ನು ಬಾಟಲಿಗೆ ತುಂಬಿ ಕೊಟ್ಟ ಮಹಾಶಯ ಯಾರು? ನಾನೇ! ಕೊನೆಗೂ ಎಕ್ಸ್‌ರೇ ತೆಗೆದಾಗ ಹೊಟ್ಟೆಯ ಕ್ಯಾನ್ಸರ್. ಭಾವ ತೀರಿಕೊಂಡ ಮೇಲೆ ಅವರ ಚೀಟಿಗೆ ನಂಬರು ಹಾಕಬಲ್ಲವರು ರೆಕಾರ್ಡ್ ರೂಮಿನಲ್ಲಿ ಯಾರೂ ಉಳಿದಿರಲಿಲ್ಲ. ನಾನೇ ಅವರ ಪುಸ್ತಕ ತೆರೆದು ಹುಡುಕಿ ಬರೆದೆ: ನೂರ ಐವತ್ತೊಂದು. ಚೀಟಿಯ ಎರಡೂ ಬದಿ ತಿರುಗಿಸಿ ಪೆನ್ಸಿಲಿನ ಗುರುತಿಗಾಗಿ ನೋಡಿದೆ. ಇರಲಿಲ್ಲ.

ಇದೆಲ್ಲ ನಿಜ. ನಾನು ಕಟ್ಟಿದ್ದು ಒಂದೇ ಒಂದು, ಆ ಆಣೆಯ ಮಾತುಕತೆ. ಗುರುತು ನನ್ನದಲ್ಲ ಎಂದು ನಾನು ಹೇಳಲೇ ಇಲ್ಲ. ಯಾರೋ ಹಾಕಿದ್ದಕ್ಕೂ ಹೆಸರು ನನಗೇ ಬಂತಲ್ಲ ಎಂದು ಹಲ್ಲು ಕಿರಿದೆ. ಭಾವ ರಬ್ಬರಿನ ಪುಡಿಯನ್ನು ಊದಿ, ರೂಢಿಯಂತೆ ಎರಡು ಚಹಾ ಹೇಳಿದರು. ಬಂದ ಮೇಲೆ ತಮ್ಮ ಲೋಟವನ್ನೂ ನನ್ನತ್ತ ತಳ್ಳಿದರು.

"ನನ್ನ ಹೊಟ್ಟೆಗೆ ಆಗುದಿಲ್ಲ. ಎರಡೂ ನೀನೇ ಕುಡಿ ಮಾರಾಯ."

ಕುಡಿದೆ.